ನಿನ್ನೆಯ ಧಾರಾವಾಹಿ ನೋಡಿದಿರಾ?

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ನಂದಿಕೂರಿನಂಥ ಊರಿನಲ್ಲಿ ಸಂಜೆ ಆರೂವರೆಯ ನಂತರ ನಡೆದು ಹೋದರೆ, ಒಂದು ಮನೆಯ ಅಂಗಳದಲ್ಲಿ ಕೇಳಿಸಿದ ಸಂಭಾಷಣೆ ಮುಂದಿನ ಮನೆಯ ಅಂಗಳದಲ್ಲಿ ಮುಂದುವರಿಯುತ್ತದೆ. ಅದು ಧಾರಾವಾಹಿಯ ಹೊತ್ತು. ಮರುದಿನ ಬೆಳಿಗ್ಗೆ ಹಾಲಿನ ಡೈರಿಯ ಎದುರು, ಬಸ್ಸಿಗೆ ಕಾಯುವಲ್ಲಿ, ಕಟ್ಟಿದ ಬೀಡಿ ಕೊಡಲು ಹೋದ ಬ್ರಾಂಚಿನ ಜಗಲಿಯಲ್ಲಿ ಅದೇ ವಿಷಯ ಮತ್ತೆ ಬರುತ್ತದೆ. "ನಿನ್ನೆ ನೋಡಿದಿಯಾ? ಆ ಸೊಸೆ ಹಾಗೆ ಬಾಯಿ ಮುಚ್ಚಿ ಕೂತದ್ದು ಸರಿಯಾ ಮಾರಾಯ್ತಿ?"

ಟಿವಿಯ ಬಗ್ಗೆ ವೈದ್ಯರು ಬರೆಯುವುದೆಂದರೆ ಸಾಮಾನ್ಯವಾಗಿ ಬೈಯುವುದಕ್ಕೇ. ಕಣ್ಣು ಹಾಳು, ಬೊಜ್ಜು, ನಿದ್ರೆಗೇಡು. ಇವು ಸುಳ್ಳಲ್ಲ, ಮುಂದೆ ಹೇಳುತ್ತೇನೆ. ಆದರೆ ಈ ವಾರ ಮುಖ್ಯವಾಗಿ ಹೇಳಬೇಕಾಗಿರುವುದು ಧಾರಾವಾಹಿ ಮುಗಿದ ಮೇಲೆ ನಡೆಯುವ ಆ ಮಾತಿನ ಬಗ್ಗೆ. ನೋಡಿದ ಕತೆಯನ್ನು ಇನ್ನೊಬ್ಬರಿಗೆ ಹೇಳುವುದು, ಸರಿ-ತಪ್ಪಿನ ಬಗ್ಗೆ ವಾದ ಮಾಡುವುದು ಬರೀ ಹರಟೆಯಂತೆ ಕಂಡರೂ ಆರೋಗ್ಯದ ದೃಷ್ಟಿಯಿಂದ ಬೆಲೆಯುಳ್ಳ ಕೆಲಸ. ವಯಸ್ಸಾದವರು ಒಬ್ಬರೇ ಇರುವ ಮನೆಗಳಲ್ಲಂತೂ ಅದು ಒಂದು ಔಷಧಿ; ಮನೆಯವರಿಗೆ ರೋಗಲಕ್ಷಣ ತೋರಿಸಿಕೊಡುವ ಕನ್ನಡಿಯೂ ಹೌದು.

ಆಟದಿಂದ ಧಾರಾವಾಹಿಗೆ

ಕತೆ ನೋಡಿ ಮರುದಿನ ಅದರ ಬಗ್ಗೆ ಚರ್ಚೆ ಮಾಡುವುದು ನಮ್ಮ ಕರಾವಳಿಗೆ ಹೊಸದಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದವರು ಕರ್ಣನ ಪಾತ್ರಧಾರಿ ಎಲ್ಲಿ ಸೋತ, ಶಲ್ಯನ ಪಾತ್ರಧಾರಿ ಯಾವ ಮಾತಿನಲ್ಲಿ ಗೆದ್ದ ಎಂದು ವಾರಗಟ್ಟಲೆ ಮಾತಾಡುತ್ತಿದ್ದರು. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ, ಮಾತೇ ಎಲ್ಲ. ಆ ಚರ್ಚೆಗಳಲ್ಲಿ ಧರ್ಮ ಯಾವುದು, ದ್ರೋಹ ಯಾವುದು, ಮಕ್ಕಳಿಗೆ ತಂದೆ ಏನು ಕೊಡಬೇಕು ಎಂಬುದೆಲ್ಲ ತೀರ್ಮಾನವಾಗುತ್ತಿತ್ತು. ವ್ಯತ್ಯಾಸ ಒಂದೇ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದರೆ ಮಳೆಗಾಲ ಕಳೆಯುವ ತನಕ ನೋಡುವವರಿಗೂ ವಿರಾಮವಿತ್ತು. ಧಾರಾವಾಹಿಗೆ ಪತ್ತನಾಜೆಯಿಲ್ಲ.

ದೂರದರ್ಶನ ಬಂದ ಮೊದಲ ವರ್ಷಗಳಲ್ಲಿ ನಾಲ್ಕಾರು ಮನೆಗಳಿಗೆ ಒಂದೇ ಟಿವಿ. 1987ರ ಜನವರಿಯಲ್ಲಿ ಶುರುವಾದ 'ರಾಮಾಯಣ'ವನ್ನು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಚಾವಡಿಯಲ್ಲಿ ಕೂತು ನೋಡಿದವರು ಇಂದಿಗೂ ಅದನ್ನು ನೆನೆಯುತ್ತಾರೆ. ಮೂಲ್ಕಿಯವರಾದ ಸದಾನಂದ ಸುವರ್ಣರು 1990ರ ಹೊತ್ತಿಗೆ ತುಳುನಾಡಿನ ಹಿನ್ನೆಲೆಯಲ್ಲಿ 'ಗುಡ್ಡದ ಭೂತ' ಎಂಬ ಧಾರಾವಾಹಿ ಮಾಡಿದಾಗ ನಮ್ಮ ಊರಿನ ಗುಡ್ಡ, ನಮ್ಮ ಊರಿನ ಭಯ ಪರದೆಯ ಮೇಲೆ ಬಂತೆಂದು ಜನ ಬೆರಗಾದರು. ನಿಜವಾಗಿ ಭೂತ ಇದೆಯೋ ಇಲ್ಲವೋ ಎಂಬ ವಾದ ಟಿವಿ ಆರಿಸಿದ ಮೇಲೂ ನಿಲ್ಲುತ್ತಿರಲಿಲ್ಲ. 1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರ 'ಮಾಯಾಮೃಗ' ಬಂದಾಗಲೂ ಹಾಗೆಯೇ. ಆಗ ಎಲ್ಲರೂ ನೋಡುತ್ತಿದ್ದುದು ಒಂದನ್ನೇ, ಒಂದೇ ಹೊತ್ತಿಗೆ. ಮಾತಿಗೆ ಸಾಮಗ್ರಿ ತಾನಾಗಿ ಒದಗುತ್ತಿತ್ತು.

ಈಗ ಅತ್ತೆ ಟಿವಿಯಲ್ಲಿ ಒಂದು ನೋಡಿದರೆ, ಸೊಸೆ ಮೊಬೈಲಿನಲ್ಲಿ ಇನ್ನೊಂದು, ಮೊಮ್ಮಗ ಕೋಣೆಯ ಬಾಗಿಲು ಹಾಕಿಕೊಂಡು ಕೊರಿಯಾದ ಮತ್ತೊಂದು. ಕತೆಗಳು ಹೆಚ್ಚಿವೆ, ಕತೆಯ ಬಗ್ಗೆ ಆಡುವ ಮಾತು ಕಡಿಮೆಯಾಗಿದೆ. ವೈದ್ಯಕೀಯವಾಗಿ ನೋಡಿದರೆ ಆತಂಕ ಪಡಬೇಕಾದದ್ದು ಈ ಎರಡನೆಯದಕ್ಕೆ.

ಪಾತ್ರಕ್ಕಾಗಿ ಅಳುವುದು ಹುಚ್ಚೇ?

"ನಮ್ಮ ಅಮ್ಮ ಧಾರಾವಾಹಿಯ ಹುಡುಗಿಗೆ ಕಷ್ಟ ಬಂದರೆ ಊಟ ಬಿಡುತ್ತಾರೆ ಡಾಕ್ಟ್ರೇ, ಇದಕ್ಕೆ ಏನಾದರೂ ಮಾತ್ರೆ ಇದೆಯಾ?" ಎಂದು ನಗುತ್ತಾ ಕೇಳುವವರಿದ್ದಾರೆ. ಮಾತ್ರೆ ಬೇಡ. ಪ್ರತಿದಿನ ಅದೇ ಹೊತ್ತಿಗೆ ಮನೆಗೆ ಬಂದು, ಕಣ್ಣಿಗೆ ಕಣ್ಣಿಟ್ಟು ಮಾತಾಡಿ, ತನ್ನ ಕಷ್ಟ ಹೇಳಿಕೊಂಡು ಹೋಗುವ ಮುಖವನ್ನು ಮನಸ್ಸು ಪರಿಚಿತರ ಸಾಲಿಗೆ ಸೇರಿಸಿಕೊಳ್ಳುತ್ತದೆ. ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು 1956ರಲ್ಲೇ ಇದನ್ನು ಗುರುತಿಸಿ ಬರೆದರು. ಇದು ಒಂದೇ ಕಡೆಯಿಂದ ಬೆಳೆಯುವ ನಂಟು. ಪಾತ್ರಕ್ಕೆ ನಿಮ್ಮ ಗುರುತಿಲ್ಲ, ನಿಮಗೆ ಅದರ ಮನೆಯ ಮೂಲೆ ಮೂಲೆಯೂ ಗೊತ್ತು. ಇಂಥ ನಂಟು ಇರುವುದು ರೋಗವಲ್ಲ. ಕತೆ ಕೇಳಿ ಅಳುವ ಶಕ್ತಿಯೇ ಇಲ್ಲದವರ ಬಗ್ಗೆ ನನಗೆ ಹೆಚ್ಚು ಚಿಂತೆ.

ಕಂತಿನ ಕೊನೆಯಲ್ಲಿ ಬಾಗಿಲು ತೆರೆದುಕೊಂಡು ಯಾರೋ ಬರುತ್ತಾರೆ, ಯಾರೆಂದು ತೋರಿಸುವ ಮೊದಲೇ ಮುಗಿಯುತ್ತದೆ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ಪ್ರಕಟಿಸಿದ್ದರು. ಆಮೇಲಿನ ಪ್ರಯೋಗಗಳಲ್ಲಿ ಆ ಫಲಿತಾಂಶ ಎಲ್ಲ ಸಲವೂ ದೊರಕಿಲ್ಲ, ನಿಜ. ಆದರೆ ಧಾರಾವಾಹಿ ಬರೆಯುವವರಿಗೆ ಪ್ರಯೋಗಶಾಲೆ ಬೇಕಾಗಿಲ್ಲ. ಅವರ ಅನ್ನ ಇರುವುದೇ ಆ ಬಾಗಿಲಿನಲ್ಲಿ. ಆ ತಳಮಳವನ್ನು ಪಕ್ಕದ ಮನೆಯವರೊಂದಿಗೆ ಹಂಚಿಕೊಂಡರೆ ಅದು ಕುತೂಹಲ ಮಾತ್ರ. ಹಂಚಿಕೊಳ್ಳಲು ಯಾರೂ ಇಲ್ಲದವರು ರಾತ್ರಿ ಒಬ್ಬರೇ ಅದನ್ನು ತಲೆಯಲ್ಲಿ ತಿರುವಿ ಹಾಕುತ್ತಾ ಮಲಗುತ್ತಾರೆ.

ಫೋನಿನಲ್ಲಿ ಹೇಳುವ ಕತೆ

ನಂದಿಕೂರು, ಪಲಿಮಾರು, ಎಲ್ಲೂರು, ಮುದರಂಗಡಿಯ ಕಡೆ ಎಷ್ಟೋ ಮನೆಗಳ ಮಕ್ಕಳು ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ ಇದ್ದಾರೆ. ಊರಿನ ದೊಡ್ಡ ಮನೆಯಲ್ಲಿ ಉಳಿದಿರುವುದು ಎಪ್ಪತ್ತು ದಾಟಿದ ತಾಯಿ, ಬಹಳವೆಂದರೆ ತಂದೆಯೂ. ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ರಾತ್ರಿ ಮಗಳ ಫೋನ್ ಬರುತ್ತದೆ. ಊಟ ಆಯಿತಾ, ಆಯಿತು. ಮಾತ್ರೆ ತಗೊಂಡ್ಯಾ, ತಗೊಂಡೆ. ಮಳೆ ಇದೆಯಾ, ಇದೆ. ಎರಡು ನಿಮಿಷದಲ್ಲಿ ಮಾತು ಖಾಲಿ. ಆಮೇಲೆ ಮಗಳು ಕೇಳುತ್ತಾಳೆ, "ಅಮ್ಮಾ, ಇವತ್ತು ಅದರಲ್ಲಿ ಎಂತ ಆಯ್ತು?" ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ತಾಯಿಯೇ ಮಾತಾಡುತ್ತಾಳೆ. ತುಳುವಿನಲ್ಲಿ ನಡೆಯುವ ಆ ಮಾತಿನಲ್ಲಿ ಧಾರಾವಾಹಿಯ ಕತೆಯೂ ಇರುತ್ತದೆ, ಪಕ್ಕದ ಮನೆಯ ಕತೆಯೂ ಬಂದು ಸೇರುತ್ತದೆ, ತನ್ನ ಅತ್ತೆಯ ಕಾಲದ ಒಂದು ಹಳೆಯ ನೋವೂ ಸದ್ದಿಲ್ಲದೆ ಹೊರಬರುತ್ತದೆ.

ಆ ಇಪ್ಪತ್ತು ನಿಮಿಷದಲ್ಲಿ ಮಿದುಳು ಮಾಡುವ ಕೆಲಸ ಸಣ್ಣದಲ್ಲ. ಅರ್ಧ ಗಂಟೆಯ ಕಂತಿನಲ್ಲಿ ಕಂಡದ್ದನ್ನು ನೆನಪಿಗೆ ತರಬೇಕು, ಮುಖ್ಯವಾದದ್ದನ್ನು ಆರಿಸಬೇಕು, ಮೊದಲು ಆದದ್ದು ಯಾವುದು ನಂತರ ಆದದ್ದು ಯಾವುದು ಎಂದು ಜೋಡಿಸಬೇಕು, ಕೇಳುವವಳಿಗೆ ಯಾವುದು ಗೊತ್ತಿಲ್ಲ ಎಂಬುದನ್ನು ಊಹಿಸಬೇಕು, ಸರಿಯಾದ ಶಬ್ದ ಹುಡುಕಬೇಕು. ನೆನಪಿನ ಶಕ್ತಿಯನ್ನು ಪರೀಕ್ಷಿಸುವಾಗ ಮನಶ್ಶಾಸ್ತ್ರಜ್ಞರು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಒಂದು ಚಿಕ್ಕ ಕತೆ ಓದಿ ಹೇಳಿ, ಸ್ವಲ್ಪ ಹೊತ್ತಿನ ನಂತರ ಅದನ್ನು ತಿರುಗಿ ಹೇಳಿಸುತ್ತಾರೆ.

ಸುಮ್ಮನೆ ನೋಡುತ್ತಾ ಕೂರುವುದಕ್ಕೆ ಈ ಗುಣವಿಲ್ಲ. ಇಂಗ್ಲೆಂಡಿನಲ್ಲಿ 50 ದಾಟಿದ 3,662 ಮಂದಿಯನ್ನು ಆರು ವರ್ಷ ಗಮನಿಸಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿನಕ್ಕೆ ಮೂರೂವರೆ ಗಂಟೆಗಿಂತ ಹೆಚ್ಚು ಟಿವಿ ನೋಡುವವರಲ್ಲಿ ಶಬ್ದಗಳ ನೆನಪು ಉಳಿದವರಿಗಿಂತ ಹೆಚ್ಚು ಕುಗ್ಗಿದ್ದು ಕಂಡುಬಂತು. ಟಿವಿಯೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಮೊದಲೇ ಮಂಕಾಗುತ್ತಿದ್ದವರು ಹೆಚ್ಚು ಟಿವಿ ನೋಡಿರಬಹುದು, ಟಿವಿಯ ಮುಂದೆ ಕಳೆದ ಹೊತ್ತಿನಲ್ಲಿ ಜನರೊಡನೆ ಬೆರೆಯುವುದು ತಪ್ಪಿರಬಹುದು. ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮಾತು.

ಒಂಟಿತನದ ವಿಷಯವಂತೂ ಈಗ ಭಾವುಕರ ದೂರಾಗಿ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ವರ್ಷಕ್ಕೆ 8 ಲಕ್ಷ 71 ಸಾವಿರ ಸಾವುಗಳಿಗೆ ಅದರ ನಂಟಿದೆ. ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಖಿನ್ನತೆ ಎಲ್ಲಕ್ಕೂ ಅದು ದಾರಿ ಮಾಡಿಕೊಡುತ್ತದೆ. ಹಾಗಿರುವಾಗ "ಆ ಹಾಳು ಧಾರಾವಾಹಿಯ ಸುದ್ದಿ ಬೇಡ, ಬೇರೆ ಏನಾದರೂ ಹೇಳಮ್ಮ" ಎಂದು ಮಗ ಗದರಿದರೆ, ತಾಯಿಯ ದಿನದಲ್ಲಿ ನಡೆದ ಒಂದೇ ಒಂದು ಹೊಸ ಸಂಗತಿಯನ್ನು ಹೇಳದಂತೆ ಮಾಡಿದ ಹಾಗೆ. ಬೇರೆ ಏನು ಹೇಳಬೇಕು ಆಕೆ? ಮೊಣಕಾಲು ನೋವು ನಿನ್ನೆಯೂ ಇತ್ತು, ಇಂದೂ ಇದೆ.

ಹೇಳುವಾಗ ಗಮನಿಸಬೇಕಾದ್ದು

ದೂರದಲ್ಲಿರುವ ಮಕ್ಕಳು ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಹಿರಿಯರು ಧಾರಾವಾಹಿಯ ಬಗ್ಗೆ ಮಾತಾಡುವ ರೀತಿ ಬದಲಾದರೆ ಅದಕ್ಕೆ ಕಾರಣವಿರುತ್ತದೆ.

ಮೊದಲನೆಯದಾಗಿ ಕಿವಿ. ಊರಿಗೆ ಬಂದಾಗ ಟಿವಿಯ ಸದ್ದು ನಿಮಗೆ ಸಹಿಸಲಾಗದಷ್ಟು ಜೋರಾಗಿದೆಯೇ? "ಈಗಿನವರು ಸರಿಯಾಗಿ ಮಾತೇ ಆಡುವುದಿಲ್ಲ, ಬರೀ ಗುಣುಗುಣು" ಎಂದು ನಟರನ್ನು ದೂರುತ್ತಾರೆಯೇ? ನಟರ ತಪ್ಪಿರಲಿಕ್ಕಿಲ್ಲ. ವಯಸ್ಸಾದಂತೆ ಮೊದಲು ಹೋಗುವುದು ತೀಕ್ಷ್ಣವಾದ, ಎತ್ತರದ ಸ್ವರಗಳನ್ನು ಕೇಳುವ ಶಕ್ತಿ. ಸ, ಶ, ತ, ಕ ಇಂಥ ವ್ಯಂಜನಗಳು ಜಾರಿಹೋಗುತ್ತವೆ, ಸ್ವರಗಳು ಮಾತ್ರ ಉಳಿಯುತ್ತವೆ. ಹಿನ್ನೆಲೆ ಸಂಗೀತವೂ ಸೇರಿದರೆ ಸದ್ದು ಕೇಳುತ್ತದೆ, ಮಾತು ಅರ್ಥವಾಗುವುದಿಲ್ಲ. 60 ದಾಟಿದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನರಿಗೆ ನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಕಿವುಡುತನ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗೆ ಕಿವಿ ಮಂದವಾದವರು ಕ್ರಮೇಣ ಧಾರಾವಾಹಿಯ ಚರ್ಚೆಯಿಂದ, ಆಮೇಲೆ ಮದುವೆಮನೆಯ ಮಾತಿನಿಂದ, ಕೊನೆಗೆ ಎಲ್ಲದರಿಂದ ಹಿಂದೆ ಸರಿಯುತ್ತಾರೆ. ಮರೆವಿನ ರೋಗವನ್ನು ತಡೆಯುವ ಬಗ್ಗೆ 2024ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ತಜ್ಞರ ಆಯೋಗ ಪಟ್ಟಿ ಮಾಡಿದ 14 ಅಂಶಗಳಲ್ಲಿ ಕಿವುಡುತನವೂ ಇದೆ, ಜನಸಂಪರ್ಕ ಕಡಿದುಹೋಗುವುದೂ ಇದೆ. ಕೆಲವೊಮ್ಮೆ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿರುವುದಷ್ಟೇ ಕಾರಣ. ವೈದ್ಯರು ಹತ್ತು ನಿಮಿಷದಲ್ಲಿ ತೆಗೆಯುತ್ತಾರೆ. ಮನೆಯಲ್ಲಿ ಕಡ್ಡಿ, ಸೇಫ್ಟಿ ಪಿನ್ ಹಾಕಿ ಕೆದಕಬೇಡಿ.

ಎರಡನೆಯದು ನೆನಪು. ಪಾತ್ರದ ಹೆಸರು ಮರೆಯುವುದು, "ಅವಳೇ, ಆ ಉದ್ದ ಜಡೆಯವಳು" ಎನ್ನುವುದು ವಯಸ್ಸಿನ ಸಹಜ ಮರೆವು. ನನಗೂ ಆಗುತ್ತದೆ. ಆದರೆ ವರ್ಷಗಳಿಂದ ಕತೆಯನ್ನು ಎಳೆ ಎಳೆಯಾಗಿ ಹೇಳುತ್ತಿದ್ದ ತಾಯಿ ಈಚೆಗೆ ಒಂದೇ ಘಟನೆಯನ್ನು ಅದೇ ಫೋನಿನಲ್ಲಿ ಮೂರು ಸಲ ಹೇಳಿದರೆ, ನಿನ್ನೆಯ ಕಂತು ನೋಡಿದ್ದೇ ನೆನಪಿಲ್ಲದಿದ್ದರೆ, ಬಹುಕಾಲದ ಮುಖ್ಯ ಪಾತ್ರವನ್ನೇ "ಇದು ಯಾರು?" ಎಂದು ಕೇಳಿದರೆ, ಧಾರಾವಾಹಿಯಲ್ಲಿ ಆದದ್ದನ್ನು ಮನೆಯಲ್ಲೇ ಆಯಿತೆಂದು ನಂಬಿ ಹೆದರಿದರೆ ವೈದ್ಯರ ಬಳಿ ಕರೆದೊಯ್ಯಬೇಕು. ಎಲ್ಲವೂ ಮರೆಗುಳಿ ರೋಗವೆಂದು ಭಾವಿಸಬೇಡಿ. ಥೈರಾಯ್ಡ್ ಕಡಿಮೆಯಾಗಿರುವುದು, ವಿಟಮಿನ್ ಬಿ-12 ಕೊರತೆ, ಸೋಡಿಯಂ ಇಳಿಯುವುದು, ಕೆಲವು ನಿದ್ರೆಮಾತ್ರೆಗಳು ಕೂಡ ಹೀಗೆ ಮಾಡುತ್ತವೆ. ಇವಕ್ಕೆ ಚಿಕಿತ್ಸೆಯಿದೆ. ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಗೊಂದಲ ಶುರುವಾದರೆ ಮೂತ್ರದ ಸೋಂಕು, ರಕ್ತದಲ್ಲಿ ಸಕ್ಕರೆಯ ಏರಿಳಿತ, ಪಾರ್ಶ್ವವಾಯು ಏನೂ ಇರಬಹುದು. ಅದಕ್ಕೆ ನಾಳೆಯವರೆಗೆ ಕಾಯಬಾರದು.

ಮೂರನೆಯದನ್ನು ಜನ ಗಮನಿಸುವುದೇ ಇಲ್ಲ. ಪ್ರತಿದಿನ ತಪ್ಪದೆ ನೋಡುತ್ತಿದ್ದವರು "ಈಗ ನೋಡುವುದಿಲ್ಲ, ಯಾವುದೂ ಬೇಡ ಅನಿಸುತ್ತದೆ" ಎಂದರೆ ಮಕ್ಕಳಿಗೆ ಸಂತೋಷ. ಅಂತೂ ಚಟ ಬಿಟ್ಟಿತಲ್ಲ! ಆದರೆ ಪ್ರೀತಿಯ ವಿಷಯಗಳಲ್ಲಿ ಆಸಕ್ತಿ ಹೋಗುವುದು ಖಿನ್ನತೆಯ ಎರಡು ಮುಖ್ಯ ಲಕ್ಷಣಗಳಲ್ಲಿ ಒಂದು. ಇನ್ನೊಂದು ಬೇಸರ. ಎರಡು ವಾರಕ್ಕೂ ಮೀರಿ ಹೀಗಿದ್ದು, ಜೊತೆಗೆ ನಿದ್ರೆ ಬೇಗ ಎಚ್ಚರವಾಗುವುದು, ಊಟ ಸೇರದಿರುವುದು, "ನಾನು ಇದ್ದೇನು ಪ್ರಯೋಜನ" ಎಂಬ ಮಾತು ಬಂದರೆ ಅದು ವಯಸ್ಸಿನ ವೈರಾಗ್ಯವಲ್ಲ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ.

ಕೂತು ನೋಡುವ ದೇಹ

ಇನ್ನು ಬೈಗುಳದ ಭಾಗ, ಚಿಕ್ಕದಾಗಿ ಮುಗಿಸುತ್ತೇನೆ.

ಸಂಜೆ ಆರೂವರೆಯಿಂದ ಹತ್ತರ ತನಕ ಅಲುಗಾಡದೆ ಕೂತರೆ ಮೂರೂವರೆ ಗಂಟೆ. ಕಾಲಿನ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುವ ಪಂಪಿನಂತೆ. ನಡೆದಾಗ ಮಾತ್ರ ಕೆಲಸ ಮಾಡುತ್ತವೆ. ಜಪಾನಿನಲ್ಲಿ 86 ಸಾವಿರ ಜನರನ್ನು ಸುಮಾರು 19 ವರ್ಷ ಗಮನಿಸಿದಾಗ, ದಿನಕ್ಕೆ 5 ಗಂಟೆಗೂ ಹೆಚ್ಚು ಟಿವಿ ನೋಡುವವರು ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿ ಸಾಯುವ ಸಂಭವ, ಎರಡೂವರೆ ಗಂಟೆಗಿಂತ ಕಡಿಮೆ ನೋಡುವವರ ಎರಡೂವರೆ ಪಟ್ಟು ಇತ್ತು. ಹೆದರಬೇಡಿ, ಅಷ್ಟು ಜನರಲ್ಲಿ ಹಾಗೆ ಸತ್ತವರು 59 ಮಂದಿ. ಆದರೆ ಮಧುಮೇಹ, ರಕ್ತದೊತ್ತಡ ಇರುವವರಿಗೆ ಈ ಕೂರುವಿಕೆಯಿಂದ ಆಗುವ ನಷ್ಟ ಅದಕ್ಕಿಂತ ಬಹಳ ಸಾಮಾನ್ಯ. ಜಾಹೀರಾತು ಬಂದಾಗ ಎದ್ದು ಅಂಗಳದ ತುಳಸಿಕಟ್ಟೆಯವರೆಗೆ ಹೋಗಿ ಬನ್ನಿ. ಜಾಹೀರಾತಿನಿಂದ ಆಗುವ ಒಂದೇ ಉಪಕಾರ ಅದು.

ಬೀಡಿ ಕಟ್ಟುತ್ತಾ ಧಾರಾವಾಹಿ ನೋಡುವ ಹೆಂಗಸರು ನಮ್ಮ ಕಡೆ ಈಗಲೂ ಇದ್ದಾರೆ. ಕೈ ಕೆಲಸದಲ್ಲಿ, ಕಣ್ಣು ಪರದೆಯಲ್ಲಿ. ಮಡಿಲಲ್ಲಿ ಮೊರ ಇಟ್ಟುಕೊಂಡು ಬೆನ್ನು ಬಾಗಿಸಿ, ಕುತ್ತಿಗೆಯನ್ನು ಮಾತ್ರ ಟಿವಿಯ ಕಡೆಗೆ ಎತ್ತುವ ಆ ಭಂಗಿ ಕತ್ತಿಗೂ ಸೊಂಟಕ್ಕೂ ಬಹಳ ಕಷ್ಟ. ಗೋಡೆಗೆ ಒರಗಿ ಕೂರಿ, ಟಿವಿಯ ಎತ್ತರವನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಇಳಿಸಿ. ಸೀರಿಯಲ್ಲಿನ ಸದ್ದು ಹೊರಗೆ ಹೋಗಬಾರದೆಂದು ಕಿಟಕಿ ಮುಚ್ಚಿದರೆ ಹೊಗೆಸೊಪ್ಪಿನ ಧೂಳು ಒಳಗೇ ಉಳಿಯುತ್ತದೆ, ತೆರೆದಿಡಿ. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ. ಏನಾದರೂ ತಿನ್ನುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಊಟದ ವಿಷಯ ಎಲ್ಲರಿಗೂ ಗೊತ್ತಿರುವುದೇ. ಗಮನ ಕತೆಯಲ್ಲಿದ್ದಾಗ ಎಷ್ಟು ತಿಂದೆವೆಂಬ ಲೆಕ್ಕ ಮನಸ್ಸಿಗೆ ಸಿಗುವುದಿಲ್ಲ, ಆಮೇಲೂ ಏನಾದರೂ ತಿನ್ನಬೇಕೆನಿಸುತ್ತದೆ. ಮಕ್ಕಳಿಗೆ ಟಿವಿ ತೋರಿಸಿ ಉಣಿಸುವ ಅಭ್ಯಾಸವಂತೂ ಬೇಡವೇ ಬೇಡ. ಎರಡು ವರ್ಷದ ಒಳಗಿನವರಿಗೆ ಪರದೆಯೇ ಸಲ್ಲದು, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡಿದೆ.

ಟಿವಿಯ ಧಾರಾವಾಹಿ ಕನಿಷ್ಠ ಪಕ್ಷ ಅರ್ಧ ಗಂಟೆಗೆ ನಿಲ್ಲುತ್ತದೆ. ಮೊಬೈಲಿನಲ್ಲಿ ನೋಡುವ ಸರಣಿ ನಿಲ್ಲುವುದಿಲ್ಲ; ಒಂದು ಕಂತು ಮುಗಿದ ಕೆಲವೇ ಕ್ಷಣಗಳಲ್ಲಿ ಮುಂದಿನದು ತಾನೇ ಶುರುವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ತಂತ್ರಜ್ಞಾನದ ಗೀಳಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. ನೆಟ್‌ಫ್ಲಿಕ್ಸ್‌ನಲ್ಲಿ ದಿನಕ್ಕೆ ಏಳು ಗಂಟೆಗೂ ಹೆಚ್ಚು ಹೊತ್ತು ಸರಣಿಗಳನ್ನು ನೋಡುತ್ತಿದ್ದ 26 ವರ್ಷದ ನಿರುದ್ಯೋಗಿ ಯುವಕನೊಬ್ಬ 2018ರಲ್ಲಿ ಅಲ್ಲಿಗೆ ಬಂದದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಕೆಲಸವಿಲ್ಲದ ಸಂಕಟವನ್ನು ಮರೆಯಲು ಆತ ಸರಣಿಯೊಳಗೆ ಅಡಗಿದ್ದ. ಇಂಥವರ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು "ಎಂತ ನೋಡ್ತಾ ಇದ್ದೀಯಾ? ಕತೆ ಎಂತ?" ಎಂದು ಒಮ್ಮೆ ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆಯನ್ನೇ ಯಾರೂ ಕೇಳಿರುವುದಿಲ್ಲ.

ಧಾರಾವಾಹಿಯ ವೈದ್ಯಶಾಸ್ತ್ರ

ನೋಡಿದ್ದನ್ನು ಚರ್ಚಿಸಬೇಕಾದ ಇನ್ನೊಂದು ಕಾರಣ, ಅಲ್ಲಿ ತೋರಿಸುವ ಕಾಯಿಲೆಗಳು. ತಲೆಗೆ ಪೆಟ್ಟು ಬಿದ್ದು ಹಿಂದಿನದೆಲ್ಲ ಮರೆತುಹೋಗುವುದು, ಇನ್ನೊಂದು ಪೆಟ್ಟಿಗೆ ಎಲ್ಲ ನೆನಪಾಗುವುದು ಕತೆಗಾರರ ಶಾಸ್ತ್ರದಲ್ಲಿ ಮಾತ್ರ ಉಂಟು. ಎರಡನೆಯ ಪೆಟ್ಟಿನಿಂದ ನಿಜವಾಗಿ ಆಗುವುದು ಇನ್ನಷ್ಟು ಹಾನಿ.

ಹೆಚ್ಚು ಅಪಾಯಕಾರಿಯಾದದ್ದು ಹೃದಯಾಘಾತದ ದೃಶ್ಯ. ಯಜಮಾನರಿಗೆ ಕೆಟ್ಟ ಸುದ್ದಿ ಬರುತ್ತದೆ, ಎಡ ಎದೆ ಹಿಡಿದುಕೊಂಡು ಕುಸಿಯುತ್ತಾರೆ. ನೂರು ಸಲ ಇದನ್ನು ನೋಡಿದವರು ಹೃದಯಾಘಾತವೆಂದರೆ ಹೀಗೆಯೇ ಎಂದು ನಂಬಿದ್ದಾರೆ. ನಿಜದಲ್ಲಿ ಎದೆಯ ನಡುವೆ ಬಿಗಿದಂತೆ, ಭಾರವಿಟ್ಟಂತೆ ಆಗಬಹುದು. ದವಡೆಗೆ, ತೋಳಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ನೋವು ಹರಡಬಹುದು. ಹೆಂಗಸರಲ್ಲಿ, ಮಧುಮೇಹಿಗಳಲ್ಲಿ, ವಯಸ್ಸಾದವರಲ್ಲಿ ನೋವು ಅಷ್ಟಾಗಿ ಇಲ್ಲದೆ ಬರೀ ತಣ್ಣನೆಯ ಬೆವರು, ಏದುಸಿರು, ವಾಕರಿಕೆ, ವಿಪರೀತ ಸುಸ್ತು ಇರಬಹುದು. "ಗ್ಯಾಸ್ಟ್ರಿಕ್ ಇರಬೇಕು" ಎಂದು ಓಮದ ನೀರು, ಸೋಡಾ ಕುಡಿದು ಬೆಳಗಿನವರೆಗೆ ಕಾದು ಜೀವ ಕಳೆದುಕೊಂಡವರಿದ್ದಾರೆ. ಸಂಶಯ ಬಂದರೆ 108ಕ್ಕೆ ಕರೆ ಮಾಡಿ ಇಸಿಜಿ ಇರುವ ಆಸ್ಪತ್ರೆಗೆ ಹೋಗಬೇಕು.

ಅಪಸ್ಮಾರ, ಅಂದರೆ ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವ ದೃಶ್ಯ ಕಂಡರೆ ಅಲ್ಲೇ ಮಕ್ಕಳಿಗೆ ಹೇಳಿ, ಇದು ತಪ್ಪೆಂದು. ಕಬ್ಬಿಣದಿಂದ ಏನೂ ಆಗುವುದಿಲ್ಲ. ರೋಗಿಯನ್ನು ಒಂದು ಬದಿಗೆ ಹೊರಳಿಸಿ ಮಲಗಿಸಬೇಕು, ಬಾಯಿಯೊಳಗೆ ಚಮಚವಾಗಲಿ ನೀರಾಗಲಿ ಹಾಕಬಾರದು, ಒತ್ತಿ ಹಿಡಿಯಬಾರದು, ಗಡಿಯಾರ ನೋಡಬೇಕು. ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆ. ಹಾವು ಕಚ್ಚಿದ ಜಾಗವನ್ನು ಕೊಯ್ದು ನಾಯಕ ವಿಷ ಹೀರುವುದೂ ಹಾಗೆಯೇ ಸುಳ್ಳು.

ಧಾರಾವಾಹಿಯಿಂದ ಒಳ್ಳೆಯದು ಆಗುವುದೇ ಇಲ್ಲವೆಂದಲ್ಲ. ಬ್ರಿಟನ್ನಿನ 'ಕಾರೊನೇಷನ್ ಸ್ಟ್ರೀಟ್' ಧಾರಾವಾಹಿಯಲ್ಲಿ 2001ರಲ್ಲಿ ಒಂದು ಪಾತ್ರ ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತಾಗ ಆ ಪರೀಕ್ಷೆಗೆ ಬರುವ ಹೆಂಗಸರ ಸಂಖ್ಯೆ ಅಲ್ಲಿ ಒಮ್ಮೆಲೇ ಏರಿತು. ನಮ್ಮ ದೇಶದ 'ಹಮ್ ಲೋಗ್' 1984ರ ಜುಲೈಯಿಂದ 1985ರ ಡಿಸೆಂಬರ್‌ವರೆಗೆ 156 ಕಂತುಗಳಲ್ಲಿ ಬಂದು, ಕುಟುಂಬ ಯೋಜನೆ, ಸ್ತ್ರೀಯರ ಸ್ಥಾನಮಾನ ಮೊದಲಾದವನ್ನು ಕತೆಯಾಗಿ ಹೇಳಿತು. ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ನೋಡುಗರೊಂದಿಗೆ ಆ ದಿನದ ಕತೆಯ ಬಗ್ಗೆ ಮಾತಾಡುತ್ತಿದ್ದರು. ಸುಮಾರು ನಾಲ್ಕು ಲಕ್ಷ ಪತ್ರಗಳು ಬಂದವು. ಅದರಲ್ಲಿ ಒಂದು ವಿಚಿತ್ರ ಆಯಿತು. ಎಲ್ಲವನ್ನೂ ಸಹಿಸಿಕೊಂಡು ಸವೆಯುವ ತಾಯಿ ಭಾಗವಂತಿಯ ಪಾತ್ರವನ್ನು 'ಹೀಗಿರಬಾರದು' ಎಂದು ತೋರಿಸಲು ಮಾಡಿದ್ದರು. ಬಹಳಷ್ಟು ನೋಡುಗರು ಅವಳನ್ನೇ ಆದರ್ಶ ತಾಯಿಯೆಂದು ಮೆಚ್ಚಿಕೊಂಡರು! ಒಂದೇ ದೃಶ್ಯದಿಂದ ಯಾರು ಏನನ್ನು ಎತ್ತಿಕೊಳ್ಳುತ್ತಾರೆಂಬುದು ಬಾಯಿಬಿಟ್ಟು ಹೇಳಿದ ಹೊರತು ತಿಳಿಯುವುದಿಲ್ಲ.

ಆತ್ಮಹತ್ಯೆಯ ದೃಶ್ಯಗಳ ವಿಷಯದಲ್ಲಿ ಇದು ಜೀವದ ಪ್ರಶ್ನೆ. 1996ರಲ್ಲಿ ಬ್ರಿಟನ್ನಿನ 'ಕ್ಯಾಶುವಾಲ್ಟಿ' ಎಂಬ ಆಸ್ಪತ್ರೆ ಧಾರಾವಾಹಿಯಲ್ಲಿ ಒಂದು ಪಾತ್ರ ಮಾತ್ರೆ ನುಂಗಿದ ಕತೆ ಪ್ರಸಾರವಾದ ಮರುವಾರ, ವಿಷಪ್ರಾಶನ ಮಾಡಿಕೊಂಡು ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಶೇಕಡಾ 17ರಷ್ಟು ಹೆಚ್ಚಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಮನೆಯಲ್ಲಿ ಹದಿಹರೆಯದವರೊಂದಿಗೆ ಇಂಥ ದೃಶ್ಯ ನೋಡಿದಾಗ ಚಾನೆಲ್ ಬದಲಿಸಿ ಸುಮ್ಮನಾಗಬೇಡಿ. "ಅವಳು ಹಾಗೆ ಮಾಡಿದ್ದು ನಿನಗೆ ಹೇಗೆ ಅನಿಸ್ತು? ಅವಳು ಯಾರ ಹತ್ತಿರ ಹೇಳಬಹುದಿತ್ತು?" ಎಂದು ಕೇಳಿ. ತಮ್ಮ ಬಗ್ಗೆ ಬಾಯಿ ಬಿಡದ ಮಕ್ಕಳು ಪಾತ್ರದ ಬಗ್ಗೆ ಮಾತಾಡುತ್ತಾರೆ. ಉತ್ತರದಲ್ಲಿ "ಅವಳಿಗೆ ಬೇರೆ ದಾರಿ ಇರಲಿಲ್ಲ" ಎಂಬ ಮಾತು ಬಂದರೆ ವಾದಕ್ಕಿಳಿಯದೆ, "ನಿನಗೂ ಹಾಗೆ ಅನಿಸಿದ್ದುಂಟಾ?" ಎಂದು ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತೆಂಬ ಭಯಕ್ಕೆ ಆಧಾರವಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ತೆಗೆದಿಡಿ, ಅಂದೇ ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.

ಕೇಳುವುದು ಹೇಗೆ

ಹಿರಿಯರು ಹೇಳುವ ಕತೆ ಕೇಳಲು ನೀವೂ ಆ ಧಾರಾವಾಹಿ ನೋಡಬೇಕೆಂದಿಲ್ಲ. ನೋಡದಿದ್ದರೇ ಒಳ್ಳೆಯದು, ಅವರಿಗೆ ವಿವರಿಸುವ ಕೆಲಸ ಸಿಗುತ್ತದೆ. "ಆಮೇಲೆ?" ಎನ್ನುವುದಕ್ಕಿಂತ "ಅವಳು ಯಾಕೆ ಹಾಗೆ ಮಾಡಿದಳು?", "ನೀನಾಗಿದ್ದರೆ ಎಂತ ಮಾಡ್ತಿದ್ದಿ?" ಎಂಬ ಪ್ರಶ್ನೆಗಳು ಮನಸ್ಸನ್ನು ಹೆಚ್ಚು ದುಡಿಸುತ್ತವೆ. ತಪ್ಪು ಹೇಳಿದರೆ ಕೂಡಲೇ ತಿದ್ದಬೇಡಿ. ಪರೀಕ್ಷೆ ಮಾಡುತ್ತಿದ್ದೀರೆಂದು ಗೊತ್ತಾದರೆ ನಾಳೆಯಿಂದ ಬಾಯಿ ಬಿಡುವುದಿಲ್ಲ. ಅಭಿಪ್ರಾಯ ಬೇರೆಯಾಗಿದ್ದರೆ ಧಾರಾಳವಾಗಿ ಜಗಳವಾಡಿ. ಆ ಸೊಸೆ ಮನೆ ಬಿಟ್ಟು ಹೋದದ್ದು ಸರಿಯೆಂದು ಮಗಳು, ತಪ್ಪೆಂದು ತಾಯಿ ಅರ್ಧ ಗಂಟೆ ವಾದಿಸಿದರೆ ಇಬ್ಬರಿಗೂ ಲಾಭ.

ಕಿವಿ ಮಂದವಾಗಿರುವವರೊಂದಿಗೆ ಮಾತಾಡುವಾಗ ಟಿವಿಯನ್ನು ಪೂರ್ತಿ ಆರಿಸಿ, ಎದುರು ಕೂತು, ನಿಧಾನವಾಗಿ ಮಾತಾಡಬೇಕು. ಕೂಗಬೇಕಾಗಿಲ್ಲ, ಕೂಗಿದರೆ ಶಬ್ದ ಇನ್ನಷ್ಟು ಒಡೆಯುತ್ತದೆ. ಶ್ರವಣ ಪರೀಕ್ಷೆಯ ಬಗ್ಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ವಿಚಾರಿಸಿ, ಅಲ್ಲಿಂದ ಬರೆಸಿಕೊಂಡು ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೋ ಮಣಿಪಾಲಕ್ಕೋ ಹೋಗಬಹುದು. ಹೋಗುವಾಗ ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಕೊಂಡೊಯ್ಯಿರಿ. ಹಳೆಯ ಚೀಟಿಗಳಿದ್ದರೆ ಅವೂ ಇರಲಿ. ಕೇಳುವ ಯಂತ್ರ ಕೊಟ್ಟರೆ ಮೊದಲ ವಾರ ಪಾತ್ರೆಯ ಸದ್ದೂ ಕರ್ಕಶವೆನಿಸಿ ತೆಗೆದಿಡುವವರೇ ಹೆಚ್ಚು. ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆಯಂತೆ ಶುರುಮಾಡಿ ಹೆಚ್ಚಿಸುತ್ತಾ ಹೋಗಬೇಕು. ಧಾರಾವಾಹಿಯ ಹೊತ್ತು ಅದಕ್ಕೆ ಅನುಕೂಲ. ಆಸ್ಪತ್ರೆಗೆ ಬೆಳಗ್ಗಿನ ಬಸ್ಸಿಗೇ ಹೊರಡಿ. ಸಂಜೆ ಆರೂವರೆಯೊಳಗೆ ಮನೆಗೆ ಮರಳುವಂತಿದ್ದರೆ ಹಿರಿಯರು ತಕರಾರಿಲ್ಲದೆ ಬರುತ್ತಾರೆ.